ಗೌರಕ್ಕನ ತೋಟದ ಟ್ಯೂಬ್ ಕಟ್ಟೆ

ಹೋದ ತಿಂಗಳು ಪಿಂಚಣಿ ಕಾಗದಕ್ಕೆ ಸಹಿ ಮಾಡಿಸಲು ನಮ್ಮ ಹಳೇ ಕಚೇರಿಗೆ ಹೋಗಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕುರ್ಚಿ ಕೊಟ್ಟು, ಟೀ ತರಿಸಿ, ಚೆನ್ನಾಗಿಯೇ ಮಾತಾಡಿಸಿದಳು. ಆಮೇಲೆ ಕೇಳಿದಳು: "ಅಲ್ಲಾ ಸಾರ್, ನೀರಿನ ಹೊಂಡಕ್ಕೆ ಹಾಳೆ ಹಾಸೋದ್ರಲ್ಲಿ ಅಷ್ಟೊಂದು ಏನಿದೆ? ಬಿಚ್ಚೋದು, ಹಾಸೋದು, ಅಷ್ಟೇ ತಾನೆ?" ಕುಡಿಯುತ್ತಿದ್ದ ಟೀ ನೆತ್ತಿಗೆ ಹತ್ತಿತು. ಲೋಟ ಅಲ್ಲೇ ಇಟ್ಟು ಎದ್ದು ಬಂದೆ. ಮನೆಗೆ ಬಂದ ಮೇಲೆ, ಪಾಪ ಆ ಮಗುವಿನ ಮೇಲೆ ಯಾಕೆ ಸಿಟ್ಟು ಮಾಡಿಕೊಂಡೆ ಅಂತ ಬೇಜಾರಾಯಿತು. ಹೇಳಿದವರು ಯಾರಿದ್ದಾರೆ ಅವಳಿಗೆ? ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ಇಲ್ಲಿ ಇರುವುದಿಲ್ಲ. ಅದನ್ನು ಕಟ್ಟಿಕೊಂಡು ಯಾರಿಗೆ ಏನಾಗಬೇಕು?

ನಾನು ಮೊದಲು ತುರುವೇಕೆರೆ ಬಸ್ ಸ್ಟ್ಯಾಂಡಿನ ಪಕ್ಕ ಪಂಕ್ಚರ್ ಹಾಕುತ್ತಿದ್ದವನು. ಒಂದು ನೀರಿನ ತೊಟ್ಟಿ, ಒಂದು ಪಂಪು, ಎರಡು ಸೊಲ್ಯೂಷನ್ ಡಬ್ಬಿ, ಇಷ್ಟೇ ನನ್ನ ಅಂಗಡಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ದಿನ ಸರ್ಕಾರಿ ಜೀಪೊಂದು ಕುಂಟುತ್ತಾ ಬಂದು ನಿಂತಿತು. ಅದರಲ್ಲಿದ್ದವರು ಒಬ್ಬ ಇಂಜಿನಿಯರು. ಮುಂದೆ ನನಗೆ ಸಾಹೇಬರಾದವರು ಅವರೇ. ನಾನು ಟ್ಯೂಬಿಗೆ ತೇಪೆ ಹಾಕಿ, ಟೈರಿನ ಒಳಗೆ ಅಂಗೈ ಆಡಿಸಿ, ಇನ್ನೊಂದು ಮುರಿದ ಮೊಳೆ ತೆಗೆದು ತೋರಿಸಿದೆ. "ಇದನ್ನ ಬುಟ್ಟಿದ್ರೆ ಎರಡು ಮೈಲಿಗೆ ಮತ್ತೆ ಕೂತ್ಕತಿತ್ತು ಸಾರ್" ಅಂದೆ. ಅವರು ನನ್ನ ಕೈಯನ್ನೇ ನೋಡುತ್ತಾ ನಿಂತರು. "ಏನಯ್ಯಾ, ಮನೆ ಅಂಗಳದಷ್ಟು ದೊಡ್ಡ ಟ್ಯೂಬು ಕೊಟ್ರೆ ತೇಪೆ ಹಾಕ್ತೀಯಾ?" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ತಮಾಷೆಯಲ್ಲ. ಅವರ ಕಚೇರಿಗೆ ಕಪ್ಪು ರಬ್ಬರ್ ಹಾಳೆಯ ಸುರುಳಿಗಳು ಬಂದು ಬಿದ್ದಿದ್ದವು. ನಮ್ಮ ಕಡೆ ತೋಟದ ಮಣ್ಣಿನಲ್ಲಿ ಗುಂಡಿ ತೋಡಿ ನೀರು ಬಿಟ್ಟರೆ ಸಂಜೆಗೆಲ್ಲ ಇಂಗಿಹೋಗುತ್ತದೆ. ಬಾವಿಗಳಲ್ಲೋ ದಿನಕ್ಕೆ ಒಂದು ಗಂಟೆ ಇಂಜಿನ್ ಓಡಿಸುವಷ್ಟು ನೀರು. ಆ ಒಂದೊಂದು ಗಂಟೆಯ ನೀರನ್ನು ಕೂಡಿಟ್ಟುಕೊಂಡು, ಬೇಕಾದಾಗ ಗಿಡಕ್ಕೆ ಬಿಡಲು ಗುಂಡಿಯೊಳಗೆ ರಬ್ಬರ್ ಹಾಸುವ ಯೋಜನೆ ಅದು. ಹಾಳೆಯ ತುಂಡುಗಳನ್ನು ಒಂದಕ್ಕೊಂದು ಅಂಟಿಸುವುದು ಕಚೇರಿಯಲ್ಲಿ ಯಾರಿಗೂ ಬಾರದು. ಹಾಗಾಗಿ ನಾನು ದಿನಗೂಲಿಯವನಾಗಿ ಸೇರಿದೆ. ಜನ ಅದನ್ನು ಟ್ಯೂಬ್ ಕಟ್ಟೆ ಅಂತ ಕರೆದರು, ನನ್ನನ್ನು ಟ್ಯೂಬ್ ನಿಂಗಣ್ಣ ಅಂದರು. ಅದೇ ಹೆಸರು ನನ್ನ ಮದುವೆಯ ಲಗ್ನಪತ್ರಿಕೆಗೂ ಬರುವುದರಲ್ಲಿತ್ತು, ನಮ್ಮಪ್ಪ ತಪ್ಪಿಸಿದರು.

ಮೊದಲ ಕಟ್ಟೆ ಹಾಲ್ಕುರಿಕೆ ಕಡೆಯ ಒಂದು ತೋಟದಲ್ಲಿ. ಅಂಟಿಸುವ ಕೆಲಸ ಸೊಗಸಾಗಿ ಮಾಡಿದ್ದೆ. ನೀರು ತುಂಬಿದ ವಾರಕ್ಕೇ ಊರಿನ ಎಮ್ಮೆಗಳಿಗೆ ಸುದ್ದಿ ಹೋಯಿತು. ಎರಡು ಎಮ್ಮೆ ಇಳಿದು ಆರಾಮಾಗಿ ಮಲಗಿಬಿಟ್ಟವು. ಗೊರಸು ಕಂಡು ನನ್ನ ಜೀವ ಬಾಯಿಗೆ ಬಂತು. ಹೊಡೆದೋಡಿಸಿ, ಇನ್ನು ಬರಬಾರದು ಅಂತ ಕಟ್ಟೆಯ ಸುತ್ತ ಜಾಲಿ ಮುಳ್ಳಿನ ಬೇಲಿ ಒತ್ತಾಗಿ ಹಾಕಿಸಿದೆ. ಹುಷಾರಿ ನಾನು! ಆಷಾಢದ ಗಾಳಿ ಬೀಸಿದ್ದೇ ತಡ, ಬೇಲಿಯ ಮುಳ್ಳೆಲ್ಲ ಕಟ್ಟೆಯೊಳಗೆ. ಇಪ್ಪತ್ತಾರು ತೂತು. ಜೀವಮಾನವಿಡೀ ಮುಳ್ಳು ಕಿತ್ತು ತೇಪೆ ಹಾಕಿದವನು ನಾನು, ಮುಳ್ಳು ತಂದು ಸುರಿದವನೂ ನಾನೇ. ಸಾಹೇಬರು ಬಂದು ನೋಡಿ, "ಪಂಕ್ಚರ್ ಅಂಗಡಿಗೆ ಗಿರಾಕಿ ಮಾಡ್ಕೊಂಡ್ಯಾ?" ಅಂದರು. ಅಲ್ಲಿಂದ ಮುಂದೆ ಬೇಲಿಗೆ ಮುಳ್ಳಿಲ್ಲದ ಗೊಬ್ಬರದ ಗಿಡದ ಕಡ್ಡಿ ನೆಡಿಸುತ್ತಿದ್ದೆ.

ಸಾಹೇಬರ ಬಗ್ಗೆ ಒಂದು ಮಾತು ಹೇಳಬೇಕು. ಪ್ರಾಮಾಣಿಕ ಮನುಷ್ಯ. ಬಿಸಿಲಲ್ಲಿ ನಮ್ಮ ಜೊತೆಗೇ ನಿಲ್ಲುತ್ತಿದ್ದರು, ನಮ್ಮ ಬುತ್ತಿಯ ಮುದ್ದೆಯನ್ನೇ ಮುರಿದು ತಿನ್ನುತ್ತಿದ್ದರು. ಆದರೆ ಅಚ್ಚಾದ ಕಾಗದದಲ್ಲಿ ಏನಿದೆಯೋ ಅದೇ ವೇದ. ಹೊಂಡ ಅಂದರೆ ಚೌಕ. ಹಾಳೆಯ ಕೆಳಗೆ ಜರಡಿ ಹಿಡಿದ ಮರಳು, ಅಷ್ಟೇ. ನಾಲ್ಕು ಮೂಲೆ ಸರಿಯಾಗಿ ಬರದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಅಂಥವರಿಗೂ ಗೌರಕ್ಕನಿಗೂ ಗಂಟು ಬಿತ್ತು.

ದಂಡಿನಶಿವರದಿಂದ ಒಂದಷ್ಟು ದೂರ ನಡೆದರೆ ಗೌರಕ್ಕನ ತೋಟ. ಆಗ ಆಕೆಗೆ ನಲವತ್ತೈದರ ಆಸುಪಾಸು. ಯಜಮಾನರು ಕೊಬ್ಬರಿ ವ್ಯಾಪಾರ ಅಂತ ವಾರದಲ್ಲಿ ನಾಲ್ಕು ದಿನ ತಿಪಟೂರಿನಲ್ಲಿರುತ್ತಿದ್ದರು. ತೋಟದ ದರ್ಬಾರೆಲ್ಲ ಈಕೆಯದೇ. ತೆಂಗಿನ ಸಸಿ ಬೆಳೆಸಿ ಸುತ್ತಮುತ್ತಲಿನವರಿಗೆ ಕೊಡುತ್ತಿದ್ದರು. ಸಸಿ ಮಡಿಗೆ ನೀರು ಸಾಲದು ಅಂತ ತಾವೇ ಕಚೇರಿಗೆ ಬಂದು ಕಟ್ಟೆ ಕೇಳಿದವರು ಆಕೆ.

ಸಾಹೇಬರು ಟೇಪು ಹಿಡಿದು ಅಳೆದು, ನಾಲ್ಕು ಗೂಟ ಹೊಡೆಸಿದರು. ನಾಲ್ಕನೇ ಗೂಟ ಒಂದು ತೆಂಗಿನ ಮರದ ಬುಡಕ್ಕೆ ಬಂತು.

"ಅಮ್ಮಾ, ಈ ಮರ ತೆಗೀಬೇಕಾಗುತ್ತೆ."

"ಯಾವ್ದು? ಇದಾ?" ಗೌರಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಅದನ್ನ ಮುಟ್ಟಂಗಿಲ್ಲ ಕಣ್ರೀ. ಮದ್ವೆ ಆಗಿ ಬರೋವಾಗ ನಮ್ಮವ್ವ ಕೊಟ್ಟ ಸಸಿ ಅದು. ದಬ್ಬೇಘಟ್ಟದಿಂದ ಗಾಡೀಲಿ ತೊಡೆ ಮ್ಯಾಲಿಟ್ಕಂಡು ಬಂದೀನಿ. ದಾರಿಯುದ್ದಕ್ಕೂ ನಾನು ಅಳೋದು, ಸಸಿ ಅಲ್ಲಾಡೋದು."

"ನೂರು ಮರ ಇದಾವಲ್ಲಮ್ಮ."

"ತವರಿನ್ದು ಒಂದೇಯ. ನಿಮ್ ಕಟ್ಟೆ ಬೇಕಾದ್ರೆ ಸೊಟ್ಟಗಿರ್ಲಿ. ನೀರಿಗೇನು ಮೂಲೆ ಬೇಕಾ?"

ಸಾಹೇಬರು ನನ್ನ ಮುಖ ನೋಡಿದರು. ರಬ್ಬರನ್ನು ಮರದ ಸುತ್ತ ಬಾಗಿಸಿ ಹಾಸಬಹುದು ಅಂತ ನಾನು ಮೆಲ್ಲಗೆ ಹೇಳಿದೆ. ಅವರು ಒಂದು ಮಾತು ಕೇಳಿದರು: "ಮರದ ಬೇರು ಹಾಳೆ ತೂತು ಮಾಡಿದ್ರೆ?" ಗೌರಕ್ಕ ಎಲ್ಲರೆದುರಿಗೆ ಮಾತು ಕೊಟ್ಟರು. "ಬೇರು ತೂತು ಹಾಕಿದ್ರೆ ನಾನೇ ನಿಂತು ಕಡಿಸ್ತೀನಿ. ಹೆಚ್ಚು ಮಾತು ಬ್ಯಾಡ." ಆ ಮಾತು ಕೇಳಿದವರಲ್ಲಿ ಗುಂಡಿ ತೋಡುವ ಕರಿಯಣ್ಣನೂ ಇದ್ದ. ಆ ಊರಲ್ಲಿ ಮಣ್ಣು ಅಗೆಯುವುದಕ್ಕೂ ಮರ ಕಡಿಯುವುದಕ್ಕೂ ಅವನೇ.

ಗುಂಡಿ ಆಯಿತು. ಮರದ ಕಡೆ ಒಳಕ್ಕೆ ಬಾಗಿದ, ಗೋಡಂಬಿಯ ಆಕಾರದ ಗುಂಡಿ. ಗೋಡೆಯಲ್ಲಿ ಕಾಣುತ್ತಿದ್ದ ಬೇರುಗಳನ್ನೆಲ್ಲ ನಾನೇ ಕುಡುಗೋಲಿನಿಂದ ಗೋಡೆಮಟ್ಟಕ್ಕೆ ಕೊಯ್ದೆ. ತೆಂಗಿನ ಬೇರು ಬೆರಳು ಗಾತ್ರದ್ದು, ಕೊಯ್ದ ತುದಿ ಮೊಳೆಯಂತೆ ನಿಲ್ಲುತ್ತದೆ. ಅದರ ಮೇಲೆ ಮೆತ್ತಗಿನದು ಏನಾದರೂ ಹಾಸಬೇಕು. ಕಾಗದದ ಪ್ರಕಾರ ಮರಳು. ಆ ಮಳೆಗಾಲ ಹಳ್ಳದ ದಾರಿ ಕೆಟ್ಟು ಮರಳಿನ ಗಾಡಿ ಬರುವ ಹಾಗಿರಲಿಲ್ಲ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಗೌರಕ್ಕ ಮಜ್ಜಿಗೆ ತಂದರು.

"ಏನ್ಲಾ ನಿಂಗ, ಹಿಂಗ್ ಕೂತಿದ್ದೀಯ?"

"ಮರಳಿಲ್ಲ ಅಕ್ಕಾ. ಹಾಳೆ ಕೆಳಗೆ ಮೆತ್ತಗಿರೋದು ಬೇಕು."

"ಅಯ್ಯೋ ನಿನ್ನ! ತೆಂಗಿನ ಸೀಮೇಲಿ ಹುಟ್ಟಿ ಮೆತ್ತಗಿರೋದು ಬೇಕು ಅಂತ ಹಳ್ಳಕ್ಕೆ ಹೋಯ್ತೀಯಲ್ಲೋ. ನಾರಿನ ಮಿಲ್ ಹಿಂದೆ ಮಟ್ಟೆ ಪುಡಿ ಗುಡ್ಡೆ ಬಿದ್ದೈತೆ. ಕೇಳೋರಿಲ್ಲ."

ನನಗೆ ಹೊಳೆದಿರಲೇ ಇಲ್ಲ, ನೋಡಿ! ತೆಂಗಿನ ಮಟ್ಟೆ ಬಡಿದು ನಾರು ತೆಗೆದ ಮೇಲೆ ಉಳಿಯುವ ಆ ಕಂದು ಪುಡಿ ಹತ್ತಿಯಷ್ಟು ಮೆತ್ತಗೆ. ತಳಕ್ಕೆ ಒಂದು ಗೇಣು ಒಣ ಪುಡಿ ಹಾಸಿದೆವು. ಗೋಡೆಗಳಿಗೆ ಕೆಸರಿನಲ್ಲಿ ಕಲಸಿ ಮೆತ್ತಿದೆವು. ಮೆತ್ತಿದ ಕಡೆಯೆಲ್ಲ ನಾನು ಮಂಡಿಯೂರಿ ಅಂಗೈ ಆಡಿಸಿ ನೋಡುತ್ತಿದ್ದೆ, ಟೈರಿನೊಳಗೆ ಮೊಳೆ ಹುಡುಕಿದ ಹಾಗೆಯೇ. ಕರಿಯಣ್ಣ ನಗುತ್ತಿದ್ದ: "ಏನ್ ನಿಂಗಣ್ಣ, ಹಸೂಗೆ ಮೈ ನೇವರಿಸ್ದಂಗೆ ಸವರ್ತೀಯಲ್ಲ." ಸಾಹೇಬರೂ ಬಂದು ತುಳಿದು ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಆದರೆ ಜೀಪು ಹತ್ತುವಾಗ, "ಈ ಕಟ್ಟೆ ನಿಂತ್ರೆ ನಿನ್ನ ಖಾಯಂ ಮಾಡಿ ಅಂತ ಮೇಲಕ್ಕೆ ಬರೀತೀನಿ ಕಣಯ್ಯ" ಅಂದರು. ದಿನಗೂಲಿಯವನಿಗೆ ಆ ಮಾತು ಏನು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಕೆಲಸ ಖಾಯಂ ಆಗಲಿ ಅಂತ ಕಾಯುತ್ತಿದ್ದರು.

ಕೊನೆಯ ದಿನ ಸಂಜೆ ಆಕಾಶ ಕಪ್ಪಾಯಿತು. ಹಾಳೆ ಹಾಸದೆ ಮಳೆ ಬಂದರೆ ಗೋಡೆಗೆ ಮೆತ್ತಿದ್ದೆಲ್ಲ ಕೊಚ್ಚಿಹೋಗುತ್ತದೆ. ಮರದ ಕಡೆಯ ಗೋಡೆಗೆ ಎರಡು ಮಂಕರಿಯಷ್ಟು ಪುಡಿ ಕಡಿಮೆ ಬಿತ್ತು. ಮಿಲ್ಲಿಗೆ ಹೋಗಿಬರುವ ಹೊತ್ತಿಲ್ಲ. ಗೌರಕ್ಕನ ಮನೆಯ ಹಿತ್ತಿಲಲ್ಲಿ ಮಟ್ಟೆ ಪುಡಿಯ ಒಂದು ಸಣ್ಣ ಗುಡ್ಡೆ ಇತ್ತು. ನಾನೇ ಓಡಿಹೋಗಿ ಎರಡು ಮಂಕರಿ ತುಂಬಿ ತಂದೆ, ಕೆಸರಿಗೆ ಸುರಿದು ಕಲಸಿದೆ, ಮೆತ್ತಿದೆ. ಜರಡಿ ಹಿಡಿಯಲಿಲ್ಲ. ಅಂಗೈ ಆಡಿಸಲಿಲ್ಲ. ಹಾಳೆ ಎಳೆದು, ಅಂಚುಗಳನ್ನು ದಡದ ಮೇಲೆ ತೋಡಿದ್ದ ಚರಂಡಿಯಲ್ಲಿ ಹೂತು ಮಣ್ಣು ಮುಚ್ಚುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಯಿತು. ಎಲ್ಲರೂ ನೆನೆಯುತ್ತಾ ಕೇಕೆ ಹಾಕಿದೆವು.

ಎರಡು ವಾರ ಇಂಜಿನ್ ಓಡಿಸಿ ಕಟ್ಟೆ ತುಂಬಿಸಿದರು. ಗೌರಕ್ಕ ಗಂಗೆ ಪೂಜೆ ಮಾಡಿ ಹೆಸರುಬೇಳೆ ಪಾಯಸ ಹಂಚಿದರು. ಅದಾಗಿ ಐದನೇ ದಿನ ಹೇಳಿಕಳುಹಿಸಿದರು. ನೀರು ಇಳಿಯುತ್ತಿದೆ.

ಹೋಗಿ ನೋಡಿದರೆ ನೀರು ಅರ್ಧಕ್ಕೆ ಬಂದು, ಇಳಿಯುವುದು ಹೆಚ್ಚುಕಡಿಮೆ ನಿಂತಿತ್ತು. ನೀರು ಎಲ್ಲಿಗೆ ಬಂದು ನಿಲ್ಲುತ್ತದೋ ಆ ಮಟ್ಟದಲ್ಲೇ ತೂತು. ಇದನ್ನು ಈಗ ಕೆಲಸಕ್ಕೆ ಸೇರುವವರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಗೌರಕ್ಕನ ಹತ್ತಿರ ಒಂದು ಬಟ್ಟಲು ಅರಿಶಿನ ಕದಡಿಸಿಕೊಂಡೆ. "ಮತ್ತೆ ಪೂಜೆಯೇನ್ಲಾ?" ಅಂದರು ಆಕೆ. ಅಲ್ಲ, ಪತ್ತೇದಾರಿ ಅಂದೆ. ನೀರಿನ ಅಂಚಿಗೆ ಹನಿಹನಿಯಾಗಿ ಅರಿಶಿನ ಬಿಡುತ್ತಾ ಸುತ್ತ ನಡೆದೆ. ಹತ್ತಿರದಲ್ಲಿ ತೂತಿದ್ದರೆ ಹಳದಿಯನ್ನು ಅದು ತನ್ನ ಕಡೆಗೆ ಎಳೆಯುತ್ತದೆ. ಮರದ ಕಡೆ ಬಂದಾಗ ಹಳದಿ ಎಳೆ ಸಣ್ಣಗೆ ಬಾಗಿ ಹಾಳೆಯೊಳಕ್ಕೆ ಹೋಯಿತು. ಇಳಿದು ಬೆರಳಿಟ್ಟೆ. ತೂತಿನ ಹಿಂದೆ ಗಟ್ಟಿಯಾದದ್ದೊಂದು ಚುಚ್ಚಿತು. ಒಂದು ಕಡೆ ನುಣುಪು, ಮೂರು ಮೂಲೆ, ಅಂಚು ಚಾಕುವಿನ ಹಾಗೆ.

ಬೇರಲ್ಲ. ತೆಂಗಿನ ಚಿಪ್ಪಿನ ಚೂರು.

ಆಗ ತಲೆಗೆ ಹತ್ತಿತು. ನಾರಿನ ಮಿಲ್ಲಿನ ಹಿಂದೆ ಬರೀ ಮಟ್ಟೆಯ ಪುಡಿ ಇರುತ್ತದೆ. ಮನೆಯ ಹಿತ್ತಿಲಿನ ಗುಡ್ಡೆ ಹಾಗಲ್ಲ. ಅಟ್ಟದ ಮೇಲೆ ಒಣಗಲು ಇಟ್ಟ ಕಾಯಿ ಇಳಿಸಿ, ಮಟ್ಟೆ ಸುಲಿದು, ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದೂ ಅಲ್ಲೇ. ಚಿಪ್ಪಿನ ಚೂರು ಹಾರಿ ಬೀಳುವುದೆಲ್ಲ ಆ ಗುಡ್ಡೆಗೇ. ನಮ್ಮನೆಯ ಹಿತ್ತಿಲೂ ಹಾಗೇ ಇತ್ತು. ಚಿಕ್ಕಂದಿನಲ್ಲಿ ಎಷ್ಟು ಸಲ ಕಾಲು ಕೊಯ್ದುಕೊಂಡಿಲ್ಲ ನಾನು! ನಮ್ಮ ಕಡೆ ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ ಅದು.

ಮೇಲಕ್ಕೆ ಬಂದೆ. ಗೌರಕ್ಕ, ಕರಿಯಣ್ಣ, ಇನ್ನು ನಾಲ್ಕು ಜನ ನಿಂತಿದ್ದರು. ಅಷ್ಟರಲ್ಲಿ ಸಾಹೇಬರ ಜೀಪೂ ಬಂತು. "ಎಲ್ಲಿದೆಯಯ್ಯಾ ತೂತು?" ಅಂದರು.

"ಮರದ ಕಡೆ ಸಾರ್" ಅಂದೆ.

ಅಷ್ಟೇ ಅಂದದ್ದು. ಸುಳ್ಳಲ್ಲ ಅದು. ಖಾಯಂ ಆಗುವ ಕಾಗದ ಕಣ್ಣ ಮುಂದೆ ಬಂತು, ಚಿಪ್ಪಿನ ಮಾತು ಎತ್ತಲಿಲ್ಲ. ಮುಂದಿನದನ್ನು ಎಲ್ಲರೂ ಅವರವರೇ ಸೇರಿಸಿಕೊಂಡರು. ಸಾಹೇಬರು ಬೈಯಲಿಲ್ಲ. "ನಾನು ಹೇಳಿರಲಿಲ್ವೇನಮ್ಮಾ?" ಅಂತ ಮೆತ್ತಗೇ ಅಂದರು. ಗೌರಕ್ಕ ಮರವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದರು. "ಕೊಟ್ಟ ಮಾತು ಕೊಟ್ಟಿದ್ದೇಯ. ನಾಳೆ ಬೆಳಿಗ್ಗೆ ಕೊಡ್ಲಿ ತಗಂಡು ಬಾ ಕರಿಯಣ್ಣ" ಅಂದು ಮನೆ ಕಡೆ ಹೊರಟರು.

ಮನೆಗೆ ಬಂದು ಮುದ್ದೆ ಮುಂದೆ ಕೂತೆ. ನಾಳೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಹೇಳಿದರೆ ಕೆಲಸ ಹೋಗುತ್ತದೆ ಅಂದುಕೊಂಡೆ. ಒಂದು ಮರ ತಾನೆ ಅಂತಲೂ ಅಂದುಕೊಂಡೆ. ಅದನ್ನು ಬಚ್ಚಿಟ್ಟು ಬರೆದರೆ ಈ ಬರಹವೇ ದಂಡ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮರದಲ್ಲಿದ್ದ ಕಾಯಿ, ಎಳನೀರು ಎಲ್ಲ ಇಳಿಸಿ ಆಗಿತ್ತು. ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ನಿನ್ನೆ ನನಗೆ ಕೊಟ್ಟ ಅದೇ ಬಟ್ಟಲು ಪಕ್ಕದಲ್ಲಿತ್ತು. ಸಾಹೇಬರು ಕೈಕಟ್ಟಿ ನಿಂತಿದ್ದರು. ಕರಿಯಣ್ಣ ಮರಕ್ಕೆ ಕೈಮುಗಿದು ಕೊಡಲಿ ಎತ್ತಿದ.

ಒಂದು ಏಟು ಬಿತ್ತು. ಹೇಳಬೇಕು ಅಂತ ಒಂದು ಹೆಜ್ಜೆ ಮುಂದೆ ಇಟ್ಟೆ, ಅಲ್ಲೇ ನಿಂತೆ. ಎರಡನೇ ಏಟಿಗೆ ಬಿಳೀ ಸಿಬರು ಹಾರಿ ನನ್ನ ಕಾಲ ಹತ್ತಿರ ಬಿತ್ತು. ಮೂರನೇ ಏಟೂ ಬಿತ್ತು. ಆಗ ಗೌರಕ್ಕ, "ತಡಿ ಕರಿಯಣ್ಣ" ಅಂದರು. ಬಿಂದಿಗೆ ತಂದು ಬುಡಕ್ಕೆ ನಿಧಾನವಾಗಿ ನೀರು ಹಾಕತೊಡಗಿದರು. "ಬಾಯಾರ್ಕೊಂಡು ಹೋಗೋದು ಬ್ಯಾಡ. ಅಳ್ತಾ ಬಂದಿದ್ವಿ ಇಬ್ರೂವೆ" ಅಂದರು. ನಮಗಲ್ಲ, ಮರಕ್ಕೆ.

"ಅಕ್ಕಾ, ಬೇರಲ್ಲ!" ಅಂದುಬಿಟ್ಟೆ. ದನಿ ಎಷ್ಟು ಜೋರಾಗಿತ್ತೆಂದರೆ ಕರಿಯಣ್ಣ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. "ಚಿಪ್ಪಿನ ಚೂರು. ಹಿತ್ಲಿಂದ ಪುಡಿ ತಂದೋನು ನಾನು. ಜರಡಿ ಹಿಡೀಲಿಲ್ಲ. ಕೈ ಆಡಿಸ್ಲಿಲ್ಲ. ಮರದ್ದೇನೂ ತಪ್ಪಿಲ್ಲ."

ಅಂಚಿನ ಮಣ್ಣು ತೆಗೆದು ಹಾಳೆ ಮಡಿಚಿ, ಚೂರು ಕಿತ್ತು ಸಾಹೇಬರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾವಾಗ ಗೊತ್ತಾಯ್ತು ನಿನಗೆ?"

"ನಿನ್ನೆ, ಸಾರ್."

"ನಿನ್ನೆಯೇ?" ಅವರ ಮುಖ ಕಪ್ಪಾಯಿತು. ಅಷ್ಟು ದಿನ ಯಾವತ್ತೂ ಬೈದವರಲ್ಲ, ಅವತ್ತೂ ಬೈಯಲಿಲ್ಲ. ಜೇಬಿನಿಂದ ಟೇಪು ತೆಗೆದು ಮರದ ಗಾಯದ ಆಳ ಅಳೆದರು. ಆಮೇಲೆ ಜೀಪು ಹತ್ತಿ ಹೋದರು. ಬೈದಿದ್ದರೇ ಚೆನ್ನಾಗಿತ್ತು. ಆ ವರ್ಷ ನನ್ನ ಹೆಸರು ಮೇಲಕ್ಕೆ ಹೋಗಲಿಲ್ಲ. ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಹೆಣ್ಣಿನ ಕಡೆಯವರು ಬೇರೆ ಗಂಡು ನೋಡಿಕೊಂಡರು, ಒಳ್ಳೆಯದೇ ಆಯಿತು ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಅವತ್ತೇ ಆ ಗೋಡೆಯಷ್ಟನ್ನೂ ಕೆರೆದು ತೆಗೆದೆ. ಇನ್ನೂ ಹನ್ನೊಂದು ಚೂರು ಸಿಕ್ಕವು. ಮಿಲ್ಲಿನ ಪುಡಿ ತಂದು ಜರಡಿ ಹಿಡಿದು, ಕಲಸಿ ಮೆತ್ತಿ, ಮಧ್ಯಾಹ್ನವೆಲ್ಲ ಅಂಗೈ ಆಡಿಸಿದೆ. ಹಾಳೆಗೆ ಲಾರಿ ಟ್ಯೂಬಿನ ತೇಪೆ ಹಾಕಿದೆ. ಗೌರಕ್ಕ ಹೊತ್ತಿಗೆ ಸರಿಯಾಗಿ ಊಟ ತಂದಿಟ್ಟರು. ಸಾರಿಗೆ ತುಪ್ಪ ಹಾಕಿದ್ದರು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. "ಉಣ್ಣೋ, ಆಮೇಲೆ ಅಳುವಂತೆ" ಅಂದರು.

ಸಾಹೇಬರು ಹದಿನೈದು ದಿನ ಬಿಟ್ಟು ಬಂದರು. ಕಾಗದದಲ್ಲಿ 'ಜರಡಿ ಹಿಡಿದ ಮರಳು' ಅಂತ ಇದ್ದ ಕಡೆ ತಮ್ಮ ಪೆನ್ನಿನಿಂದ 'ಅಥವಾ ಜರಡಿ ಹಿಡಿದ ಮಟ್ಟೆ ಪುಡಿ, ಅಂಗೈಯಿಂದ ಪರೀಕ್ಷಿಸಿದ್ದು' ಅಂತ ಸೇರಿಸಿಕೊಂಡಿದ್ದರು. ಅದನ್ನು ನನಗೆ ತೋರಿಸಿದರು. ಚೌಕವಲ್ಲದ ಆ ಕಟ್ಟೆಯ ದಡದಲ್ಲಿ ಬಹಳ ಹೊತ್ತು ಕೂತಿದ್ದರು.

ಮುಂದೆ ರಬ್ಬರ್ ಹೋಯಿತು, ತೆಳುವಾದ ಪ್ಲಾಸ್ಟಿಕ್ ಹಾಳೆ ಬಂತು. ಸೊಲ್ಯೂಷನ್ ಹೋಗಿ ಬಿಸಿ ಯಂತ್ರದ ಬೆಸುಗೆ ಬಂತು. ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆಯೆಲ್ಲ ಎಷ್ಟೋ ಕಟ್ಟೆ ಮಾಡಿದೆ. ಕೆಳಗೆ ಹಾಸುವುದನ್ನು ಮಾತ್ರ ಯಾವ ಯಂತ್ರಕ್ಕೂ ಬಿಟ್ಟುಕೊಡಲಿಲ್ಲ. ನಿವೃತ್ತಿಯ ಹಿಂದಿನ ವಾರವೂ ಮಂಡಿಯೂರಿ ಅಂಗೈ ಆಡಿಸಿದ್ದೇನೆ. ನನ್ನ ಕೈಕೆಳಗಿನವರು ಹಿಂದೆ ನಿಂತು ನಗುತ್ತಿದ್ದರು ಅಂತ ಗೊತ್ತು. ನಗಲಿ ಬಿಡಿ.

ನಿವೃತ್ತಿಯಾದ ಮೇಲೆ ಒಮ್ಮೆ ಗೌರಕ್ಕನ ತೋಟಕ್ಕೆ ಹೋದೆ. ಆಕೆಗೆ ಎಂಬತ್ತು ದಾಟಿದೆ, ಕಿವಿ ಮಂದ, ಬಾಯಿ ಮಾತ್ರ ಹಾಗೇ ಇದೆ. ಕಟ್ಟೆಗೆ ಈಗ ಬೇರೆ ಹಾಳೆ ಬಂದಿದೆ, ಆಕಾರ ಅದೇ ಸೊಟ್ಟ. ಮರ ಆಕಾಶಕ್ಕೆ ಹೋಗಿದೆ, ಗೊನೆ ಜಗ್ಗುತ್ತಿದೆ. ಬುಡದಿಂದ ಸೊಂಟದೆತ್ತರಕ್ಕೆ ಆ ಗಾಯ ಹಾಗೇ ಇದೆ. ತೆಂಗಿನ ಗಾಯ ಬೇರೆ ಮರದ ಹಾಗೆ ಮುಚ್ಚಿಕೊಳ್ಳುವುದಿಲ್ಲ, ಮರ ಇರುವಷ್ಟು ಕಾಲ ಇರುತ್ತದೆ. ನನ್ನ ಅಂಗೈ ಇಟ್ಟೆ. ಸರಿಯಾಗಿ ಅಂಗೈಯಷ್ಟೇ ಇತ್ತು.

ಎಳನೀರು ತಂದ ಸೊಸೆ, "ಇವ್ರು ಯಾರತ್ತೆ?" ಅಂತ ಕೇಳಿದಳು.

"ಕಟ್ಟೆ ಮಾಡಿಕೊಟ್ಟ ನಿಂಗ ಕಣೇ" ಅಂದರು ಗೌರಕ್ಕ.

"ಮರಕ್ಕೆ ಏಟಾಗೈತೆ, ಏನದು ಅಂತ ಕೇಳ್ತಿದ್ನಲ್ಲ, ಅದೂ ಇವ್ರ ಕಾಲದ್ದೇನಾ?"

ಗೌರಕ್ಕ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಎಳನೀರನ್ನು ತಾವೇ ಸೊಸೆಯ ಕೈಯಿಂದ ತೆಗೆದುಕೊಂಡು ನನ್ನ ಕೈಗಿಟ್ಟರು.

"ಅದಾ? ಇವ್ನು ಬಾಯಿ ಬುಡೋಕೆ ತಗಂಡ ಹೊತ್ತು ಕಣೇ ಅದು" ಅಂದರು. "ಕುಡಿಯೋ ಮಗ, ಅದೇ ಮರದ್ದು."